ಆಳ ಕಡಿಮೆ ಇರುವ ನೀರಿಗೆ ಎಂಥ ಹಾಯಿದೋಣಿ?

ಅಮೆರಿಕದ ಮೇರಿಲ್ಯಾಂಡ್ ಕಡೆಯ ಕನ್ನಡ ಗೆಳೆಯರು ಸೇರಿದ್ದಾಗ ಆಡಿದ ಮಾತಿನ ಬರಹ ರೂಪ ಇದು. ಕೇಳುಗರು ನಡುವೆ ಎತ್ತಿದ ಪ್ರಶ್ನೆಗಳನ್ನೂ ಅಲ್ಲಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹಾಯಿದೋಣಿ ಕೊಳ್ಳಬೇಕು ಅಂತ ಮನಸ್ಸು ಮಾಡಿರುವ ಕೆಲವರು ಇಲ್ಲಿದ್ದೀರಿ. ಉಳಿದವರು ಊಟಕ್ಕೆ ಕರೆಯುವವರೆಗೆ ಕೇಳೋಣ ಅಂತ ಕೂತಿದ್ದೀರಿ, ಅದೂ ಸರಿಯೇ. ಕೊಳ್ಳುವವರು ಮೊದಲು ವಿಚಾರಿಸುವುದು ಉದ್ದ ಎಷ್ಟು, ಒಳಗೆ ಎಷ್ಟು ಜನ ಮಲಗಬಹುದು, ಟಾಯ್ಲೆಟ್ ಇದೆಯಾ ಅಂತ. ಇವೆಲ್ಲ ಬೇಕಾದ ಪ್ರಶ್ನೆಗಳೇ. ಆದರೆ ನಾವಿರುವ ಚೆಸಪೀಕ್ ಕೊಲ್ಲಿಯಲ್ಲಿ ಇವಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ ಇದೆ. ದೋಣಿ ನೀರಿನೊಳಗೆ ಎಷ್ಟು ಅಡಿ ಇಳಿದಿರುತ್ತದೆ? ನೀರಿನ ಮಟ್ಟದಿಂದ ದೋಣಿಯ ತೀರಾ ಕೆಳಗಿನ ತುದಿಯವರೆಗಿನ ಈ ಅಳತೆಗೆ ಡ್ರಾಫ್ಟ್ ಅನ್ನುತ್ತಾರೆ. ಅದು ಗೊತ್ತಾದ ಮೇಲೆ ಇನ್ನೊಂದು ಪ್ರಶ್ನೆ. ತಳ ನೆಲಕ್ಕೆ ತಾಗಿದ ದಿನ ಈ ದೋಣಿಯ ಗತಿ ಏನು?

ಮಾರುವವರ ಜಾಹೀರಾತಿನಲ್ಲಿ ಮೊದಲ ಪ್ರಶ್ನೆಗೆ ಉತ್ತರ ಇರುತ್ತದೆ. ಎರಡನೆಯದಕ್ಕೆ ಇರುವುದಿಲ್ಲ. ಇವತ್ತಿನ ನನ್ನ ಮಾತೆಲ್ಲ ಆ ಎರಡನೆಯದರ ಸುತ್ತಲೇ. ಈ ಕೊಲ್ಲಿಯಲ್ಲಿ ದೋಣಿ ಇಟ್ಟವರು ಒಂದಲ್ಲ ಒಂದು ದಿನ ತಳ ತಾಗಿಸಿಯೇ ತಾಗಿಸುತ್ತಾರೆ. ಇಲ್ಲ ಅನ್ನುವವರು ದೋಣಿಯನ್ನು ಅದು ಕಟ್ಟಿಡುವ ಮರೀನಾದಿಂದ ಹೊರಗೆ ತಂದಿಲ್ಲ ಅಂತಲೇ ಅರ್ಥ.

ಮೊದಲು ನೀರಿನ ವಿಷಯ. ಚೆಸಪೀಕ್ ಕೊಲ್ಲಿಯ ಉದ್ದ ಸುಮಾರು 200 ಮೈಲಿ. ಕೆಲವು ಕಡೆ ನಿಂತರೆ ಆಚೆ ದಡ ಕಾಣುವುದಿಲ್ಲ, ಸಮುದ್ರವೇ ಅನ್ನಿಸುತ್ತದೆ. ಆದರೆ ಸೇರುವ ನದಿಗಳ ಭಾಗವನ್ನೂ ಲೆಕ್ಕಕ್ಕೆ ಹಿಡಿದರೆ ಇದರ ಸರಾಸರಿ ಆಳ 21 ಅಡಿ ಅಷ್ಟೇ. ಆರಡಿ ಎತ್ತರದ ಮನುಷ್ಯ ತಲೆ ಮುಳುಗದೆ ನಡೆದಾಡಬಹುದಾದ ಜಾಗವೇ ಇಲ್ಲಿ 7 ಲಕ್ಷ ಎಕರೆಗಿಂತ ಜಾಸ್ತಿ ಇದೆ. ದೊಡ್ಡ ಹರಿವಾಣದ ನಡುವೆ ಉದ್ದಕ್ಕೆ ಒಂದು ಗೀರು ಎಳೆದ ಹಾಗಿದೆ ಇದರ ತಳ. ಆ ಗೀರು ಹಳೇ ಸಸ್ಕ್ವೆಹನ್ನಾ ನದಿಯ ಪಾತ್ರ. ಹಿಮಯುಗ ಕಳೆದು ಸಮುದ್ರ ಏರಿದಾಗ ನದಿಯ ಕಣಿವೆ ಮುಳುಗಿ ಕೊಲ್ಲಿಯಾಯಿತು. ಬ್ಲಡಿ ಪಾಯಿಂಟ್ ಹತ್ತಿರ ಆ ಗೀರು 174 ಅಡಿ ಆಳ ಇದೆ. ಬಾಲ್ಟಿಮೋರಿಗೆ ಹೋಗುವ ಹಡಗುಗಳು ನಡುವಿನ ಆಳದ ದಾರಿ ಬಿಟ್ಟು ಅಲ್ಲಾಡುವುದಿಲ್ಲ.

ನಾವು ಹೋಗುವುದು ಆ ನಡುವಿನ ದಾರಿಗಲ್ಲ. ನಮಗೆ ಬೇಕಾದದ್ದು ಅಂಚು. ವೈ ನದಿ, ರೋಡ್ ನದಿ, ಸೇಂಟ್ ಮೈಕಲ್ಸ್, ಆಕ್ಸ್‌ಫರ್ಡ್, ಇನ್ನೂ ಕೆಳಗೆ ಹೋದರೆ ಸ್ಮಿತ್ ದ್ವೀಪ, ಟ್ಯಾಂಜಿಯರ್ ದ್ವೀಪ. ಸಂಜೆ ಲಂಗರು ಹಾಕಿ, ಕೊಕ್ಕರೆ ನೋಡುತ್ತಾ ಉಪ್ಪಿಟ್ಟು ತಿನ್ನುವ ಜಾಗಗಳು ಇವು. ಗಾಳಿ ಜೋರಾದ ರಾತ್ರಿ ಹಳ್ಳದೊಳಗೆ ಎಷ್ಟು ಮುಂದೆ ನುಗ್ಗಲು ಆಗುತ್ತದೋ ಅಷ್ಟು ನೆಮ್ಮದಿಯ ನಿದ್ದೆ. ಆರಡಿ ಡ್ರಾಫ್ಟಿನ ದೋಣಿ ಇಂಥ ಹಳ್ಳಗಳ ಬಾಯಲ್ಲೇ ನಿಲ್ಲಬೇಕಾಗುತ್ತದೆ. ನಾಲ್ಕಡಿಯದು ಒಳಗೆ ತಿರುವು ದಾಟಿ ಮರದ ಮರೆಗೆ ಹೋಗಿ ನಿಲ್ಲುತ್ತದೆ. ಎರಡಡಿ ವ್ಯತ್ಯಾಸ ಅಂದರೆ ಇಷ್ಟು.

ಒಬ್ಬರು ಕೇಳಿದರು: "ತಾಗಿದರೆ ತಾಗಲಿ ಬಿಡಿ, ಉಬ್ಬರ ಬಂದಾಗ ತಾನೇ ಏಳುತ್ತಲ್ಲ?" ಜಾರ್ಜಿಯಾ ಕರಾವಳಿಯಲ್ಲಾದರೆ ಈ ಮಾತು ಸರಿ. ಅಲ್ಲಿ ಉಬ್ಬರ ಇಳಿತದ ನಡುವೆ ಏಳೆಂಟು ಅಡಿ ವ್ಯತ್ಯಾಸ ಇರುತ್ತದೆ. ಅನಾಪೊಲಿಸ್‌ನಲ್ಲಿ ಅದು ಬರೀ ಒಂದು ಅಡಿಯ ಆಸುಪಾಸು. ಇಲ್ಲಿ ನೀರನ್ನು ಏರಿಸಿ ಇಳಿಸುವುದರಲ್ಲಿ ಚಂದ್ರನಿಗಿಂತ ಗಾಳಿಯ ಕೈವಾಡವೇ ಹೆಚ್ಚು. ದಕ್ಷಿಣದ ಗಾಳಿ ನಾಲ್ಕು ದಿನ ಬೀಸಿದರೆ ನೀರು ಏರುತ್ತದೆ. 2003ರ ಸೆಪ್ಟೆಂಬರ್‌ನಲ್ಲಿ ಇಸಬೆಲ್ ಚಂಡಮಾರುತ ಬಂದಾಗ ಅನಾಪೊಲಿಸ್ ಪೇಟೆಯೊಳಗೇ ನೀರು ನುಗ್ಗಿತ್ತು. ಶರತ್ಕಾಲ, ಚಳಿಗಾಲದಲ್ಲಿ ವಾಯವ್ಯದ ಗಾಳಿ ಬಿಡದೆ ಬೀಸಿದರೆ ಇದರ ಉಲ್ಟಾ. ಕೊಲ್ಲಿಯ ನೀರನ್ನೆಲ್ಲ ಕೆಳಗೆ ನೂಕಿಬಿಡುತ್ತದೆ. ಅಂಥ ದಿನ ಮರೀನಾದಲ್ಲಿ ಕಟ್ಟಿದ ದೋಣಿಗಳೇ ಕೆಸರಿನಲ್ಲಿ ಕೂತಿರುವುದನ್ನು ನೋಡಬಹುದು.

ಹಾಗಾಗಿ ನಕ್ಷೆಯಲ್ಲಿ ಬರೆದ ಆಳವನ್ನು ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಕಡಲು, ಹವಾಮಾನ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ನೋವಾದ ನಕ್ಷೆಗಳಲ್ಲಿ ಕಾಣುವ ಅಂಕಿ, ಪ್ರತಿದಿನದ ತೀರಾ ತಗ್ಗಿನ ಇಳಿತಗಳನ್ನು ವರ್ಷಗಟ್ಟಲೆ ಅಳೆದು ತೆಗೆದ ಸರಾಸರಿ. ಸರಾಸರಿ ಅಂದಮೇಲೆ ಅದಕ್ಕಿಂತ ಕಡಿಮೆ ನೀರಿರುವ ದಿನಗಳೂ ಇದ್ದೇ ಇರುತ್ತವೆ, ಅಲ್ವಾ? ನಕ್ಷೆಯಲ್ಲಿ 5 ಅಂತ ಬರೆದ ಕಡೆ ವಾಯವ್ಯ ಗಾಳಿಯ ಮರುದಿನ ಮೂರೂವರೆ ಇರಬಹುದು.

ಹಾಗಾದರೆ ತೀರಾ ಕಡಿಮೆ ಡ್ರಾಫ್ಟಿನ ದೋಣಿ ಕೊಂಡರೆ ಮುಗಿಯಿತಲ್ಲ? ಅಷ್ಟು ಸುಲಭ ಇಲ್ಲ. ದೋಣಿಯ ತಳದಿಂದ ನೀರಿನೊಳಕ್ಕೆ ಇಳಿದಿರುವ ಭಾರದ ಭಾಗಕ್ಕೆ ಕೀಲ್ ಅನ್ನುತ್ತಾರೆ. ಅದು ದೋಣಿಯ ಕೆಳಗೆ ಸುಮ್ನೆ ನೇತಾಡುವ ವಸ್ತುವಲ್ಲ. ಅದಕ್ಕೆ ಎರಡು ಕೆಲಸ ಇದೆ. ಒಂದು, ಭಾರವನ್ನು ಕೆಳಗೆ ಹಿಡಿದು, ಗಾಳಿಗೆ ವಾಲಿದ ದೋಣಿಯನ್ನು ಮತ್ತೆ ನೆಟ್ಟಗೆ ತರುವುದು. ಎರಡು, ದೋಣಿ ಪಕ್ಕಕ್ಕೆ ಜಾರದಂತೆ ತಡೆಯುವುದು. ಗಾಳಿಗೆ ಎದುರಾಗಿ ಅಂಕುಡೊಂಕಾಗಿ ಏರಿ ಹೋಗಲು ಆಗುವುದು ಈ ಎರಡನೇ ಗುಣದಿಂದಲೇ. ಆಳಕ್ಕೆ ಇಳಿದ ಕಿರಿದಾದ ಕೀಲ್ ಈ ಎರಡೂ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಅದನ್ನು ಮೊಟಕು ಮಾಡಿದರೆ ಬೇರೆ ಯಾವುದಾದರೂ ರೀತಿಯಲ್ಲಿ ಬೆಲೆ ತೆರಬೇಕು. ಭಾರ ಹೆಚ್ಚಿಸಬೇಕು, ಕೀಲ್ ಉದ್ದ ಮಾಡಬೇಕು, ದೋಣಿ ಅಗಲ ಮಾಡಬೇಕು, ಇಲ್ಲವೇ ಇಳಿಸಿ ಎತ್ತುವ ಹಲಗೆ ಕೂರಿಸಬೇಕು.

ಬೇಸಿಗೆಯಲ್ಲಿ ಇಲ್ಲಿ ದಕ್ಷಿಣದ ಗಾಳಿಯೇ ಜಾಸ್ತಿ. ಅನಾಪೊಲಿಸ್‌ನಿಂದ ಸಾಲೊಮನ್ಸ್ ಕಡೆ ಹೊರಟರೆ ದಿನವಿಡೀ ಎದುರು ಗಾಳಿ. ನೀರು ಆಳವಿಲ್ಲದ್ದರಿಂದ ಅಲೆಗಳು ಚಿಕ್ಕವು, ಆದರೆ ಕಡಿದು, ಒತ್ತೊತ್ತಾಗಿ ಬರುತ್ತವೆ. ಡ್ರಾಫ್ಟ್ ಇಲ್ಲದ ದೋಣಿ ಅಲ್ಲಿ ಮುಂದೆ ಹೋದಷ್ಟೇ ಪಕ್ಕಕ್ಕೂ ಹೋಗುತ್ತದೆ. ಕೊನೆಗೆ ಇಂಜಿನ್ ಹಾಕಿ ಹೋಗುತ್ತೀರಿ. ಹಾಯಿದೋಣಿ ಕೊಂಡು ಡೀಸೆಲ್ ಸುಡುವುದು ನನಗಂತೂ ಸರಿ ಕಾಣುವುದಿಲ್ಲ.

ಈ ಕೊಲ್ಲಿಯ ಮೀನುಗಾರರು ಇದಕ್ಕೆ ಎಂದೋ ಉತ್ತರ ಹುಡುಕಿದ್ದರು. ಆಯ್ಸ್ಟರ್ ಚಿಪ್ಪು ಬಾಚುವ ಕೆಲಸ ಹಾಯಿದೋಣಿಯಲ್ಲಿ ಮಾತ್ರ ನಡೆಯಬೇಕು ಅಂತ ಮೇರಿಲ್ಯಾಂಡ್‌ನಲ್ಲಿ 1865ರಲ್ಲಿ ಕಾನೂನು ಬಂತು. ಚಿಪ್ಪುಗಳಿರುವುದು ಆಳ ಕಡಿಮೆ ಇರುವ ಕಡೆ. ಬಾಚುವ ಬಲೆಯನ್ನು ಎಳೆಯಲು ದೋಣಿಗೆ ಒಳ್ಳೆಯ ಕಸುವೂ ಬೇಕು. ಕಾಲಕ್ರಮೇಣ ಬಂದದ್ದು ಸ್ಕಿಪ್‌ಜ್ಯಾಕ್. ಚಪ್ಪಟೆಗೆ ಹತ್ತಿರವಾದ ತಳ, ಒಳ್ಳೆಯ ಅಗಲ, ದೊಡ್ಡ ಹಾಯಿ, ನಡುವೆ ಮೇಲೆತ್ತಬಹುದಾದ ಹಲಗೆ. ಈ ಹಲಗೆಯೇ ಸೆಂಟರ್‌ಬೋರ್ಡ್. 1985ರಲ್ಲಿ ಸ್ಕಿಪ್‌ಜ್ಯಾಕನ್ನು ರಾಜ್ಯದ ದೋಣಿ ಅಂತ ಘೋಷಿಸಿದರು. ಸೇಂಟ್ ಮೈಕಲ್ಸ್‌ನ ಕಡಲ ಮ್ಯೂಸಿಯಂನಲ್ಲಿ ಹೋಗಿ ನೋಡಿ, ಮಕ್ಕಳಿಗೂ ಇಷ್ಟವಾಗುತ್ತದೆ.

ಸೆಂಟರ್‌ಬೋರ್ಡ್ ಅಂದರೆ ಹಳ್ಳದಲ್ಲಿ ಓಡಾಡುವ ಪುಟ್ಟ ದೋಣಿಗಳಿಗೆ ಮಾತ್ರ ಅಂದುಕೊಂಡವರಿಗೆ ಒಂದು ದೋಣಿಯ ಕಥೆ ಹೇಳಬೇಕು. ಹೆಸರು ಫಿನಿಸ್ಟೆರ್. ಒಡೆಯ ಕಾರ್ಲ್‌ಟನ್ ಮಿಚೆಲ್, ವಿನ್ಯಾಸ ಓಲಿನ್ ಸ್ಟೀಫನ್ಸ್ ಅವರ ಸಂಸ್ಥೆಯದು. 38 ಅಡಿ ಚಿಲ್ಲರೆ ಉದ್ದ, ಆ ಕಾಲಕ್ಕೆ ಢಾಳಾಗಿ ಕಾಣುವಷ್ಟು ಅಗಲ. ಹಲಗೆ ಮೇಲಿದ್ದಾಗ ಡ್ರಾಫ್ಟ್ ನಾಲ್ಕಡಿಗೂ ಒಂದಿಂಚು ಕಡಿಮೆ. ದಡದ ಹತ್ತಿರ ಸುತ್ತಾಡಲು, ಹಳ್ಳಗಳಿಗೆ ನುಗ್ಗಲು ಬೇಕಾದ ದೋಣಿ ಅದು. ಅದೇ ದೋಣಿ ರೋಡ್ ಐಲ್ಯಾಂಡ್‌ನ ನ್ಯೂಪೋರ್ಟಿನಿಂದ ಬರ್ಮುಡಾಕ್ಕೆ ತೆರೆದ ಅಟ್ಲಾಂಟಿಕ್‌ನಲ್ಲಿ ನಡೆಯುವ ರೇಸನ್ನು 1956, 1958, 1960ರಲ್ಲಿ ಸಾಲಾಗಿ ಮೂರು ಸಲ ಗೆದ್ದಿತು. ಆಮೇಲೆ ಅಮೆರಿಕದ ಪೂರ್ವ ಕರಾವಳಿಯಲ್ಲಿ ಅಗಲವಾದ ಸೆಂಟರ್‌ಬೋರ್ಡ್ ದೋಣಿಗಳದ್ದೇ ಕಾಲ ನಡೆಯಿತು. ಇವತ್ತಿಗೂ ಹಳೇ ದೋಣಿಗಳ ಮಾರುಕಟ್ಟೆಯಲ್ಲಿ ಆ ತಲೆಮಾರಿನವು ಸಿಗುತ್ತವೆ.

ಇವುಗಳಲ್ಲಿ ನನಗೆ ತುಂಬಾ ಹಿಡಿಸುವ ಗುಣ ಒಂದಿದೆ. ಹಲಗೆ ಇಳಿಸಿಕೊಂಡು ಮೆಲ್ಲಗೆ ಹೋಗುತ್ತಿರುವಾಗ ನೆಲ ಹತ್ತಿರವಾದರೆ ಮೊದಲು ತಾಗುವುದು ಹಲಗೆ. ಅದು ತಾನೇ ಹಿಂದಕ್ಕೆ ಮಡಚಿಕೊಂಡು ಸದ್ದು ಮಾಡುತ್ತದೆ. ನೀವು ಹಲಗೆ ಎತ್ತಿ, ತಿರುಗಿಸಿಕೊಂಡು ವಾಪಸ್ ಬರಬಹುದು. ಎಚ್ಚರಿಕೆ ಕೊಟ್ಟು, ಕ್ಷಮಿಸುವ ದೋಣಿ ಅದು. ಆದರೆ ತೊಂದರೆಯೂ ಇದೆ. ಹಲಗೆ ಕೂರುವ ಗೂಡಿನೊಳಗೆ ಕೆಸರು, ಚಿಪ್ಪು, ದೋಣಿಗೆ ಅಂಟಿಕೊಂಡು ಬೆಳೆಯುವ ಬಾರ್ನಕಲ್ ಜೀವಿಗಳು ಸೇರಿ ಸಿಕ್ಕಿಹಾಕಿಕೊಳ್ಳುತ್ತದೆ. ಎತ್ತುವ ತಂತಿ ಸವೆಯುತ್ತದೆ. ತಿರುಗುವ ಪಿನ್ ಸವೆಯುತ್ತದೆ. ರಾತ್ರಿ ಲಂಗರು ಹಾಕಿ ಮಲಗಿದಾಗ ಹಲಗೆ ಗೂಡಿನಲ್ಲಿ ಟಕ್ ಟಕ್ ಅನ್ನುತ್ತಿರುತ್ತದೆ. ಕೆಲವರಿಗೆ ಅದೊಂದೇ ಸಾಕು, ನಿದ್ದೆ ಬರುವುದಿಲ್ಲ.

ಹಲಗೆಯ ಬದಲು ಭಾರದ ಕೀಲನ್ನೇ ಎತ್ತುವ ದೋಣಿಗಳೂ ಇವೆ. ಕ್ಯಾಟಲೀನಾ 22 ಅದಕ್ಕೆ ಒಳ್ಳೆಯ ಉದಾಹರಣೆ. 15 ಸಾವಿರಕ್ಕೂ ಹೆಚ್ಚು ಮಾಡಿದ್ದಾರೆ. ಎರಕದ ಕಬ್ಬಿಣದ ಕೀಲ್ ಇಳಿಸಿದರೆ 5 ಅಡಿ, ಎತ್ತಿದರೆ 2 ಅಡಿ. ಟ್ರೇಲರ್ ಮೇಲೆ ಹೇರಿ ಮನೆಗೆ ತರಬಹುದು. ಮೊದಲ ದೋಣಿ ಕೊಳ್ಳುವವರು ಮರೀನಾ ಬಾಡಿಗೆ ನೋಡಿ ಬೆಚ್ಚಿದ್ದರೆ ಇದನ್ನು ನೋಡಿ. ವಾರಗಟ್ಟಲೆ ಸಂಸಾರ ಹೂಡಲು ಆಗುವುದಿಲ್ಲ, ಅಷ್ಟೇ.

ಈಗ ರೆಕ್ಕೆಯ ಕೀಲ್. 1983ರಲ್ಲಿ ಆಸ್ಟ್ರೇಲಿಯಾ 2 ಅನ್ನುವ ದೋಣಿ ಹಾಯಿದೋಣಿ ರೇಸಿನ ಹೆಸರಾಂತ ಅಮೆರಿಕಾಸ್ ಕಪ್ ಗೆದ್ದಿತು. 132 ವರ್ಷ ಅಮೆರಿಕ ಬಿಟ್ಟುಕೊಡದ ಕಪ್ ಅದು. ಬೆನ್ ಲೆಕ್ಸೆನ್ ವಿನ್ಯಾಸದ ಆ ದೋಣಿಯ ಕೀಲಿನ ತುದಿಗೆ ಎರಡು ಕಡೆ ರೆಕ್ಕೆಗಳಿದ್ದವು. ರೇಸ್ ಮುಗಿಯುವವರೆಗೆ ಬಟ್ಟೆ ಮುಚ್ಚಿ ಗುಟ್ಟಾಗಿ ಇಟ್ಟಿದ್ದರು. ಆಮೇಲೆ ಕೇಳಬೇಕೇ? ಎಲ್ಲ ಕಂಪನಿಗಳೂ ಸಂಸಾರಸ್ಥರ ದೋಣಿಗೂ ರೆಕ್ಕೆ ಹಚ್ಚಿದವು. ಕ್ಯಾಟಲೀನಾ 36ರಲ್ಲಿ ಮಾಮೂಲಿ ಕೀಲಿನ ಡ್ರಾಫ್ಟ್ ಸುಮಾರು 5 ಅಡಿ 10 ಇಂಚು, ರೆಕ್ಕೆಯದು ಸುಮಾರು 4 ಅಡಿ 5 ಇಂಚು. ಒಂದೂವರೆ ಅಡಿಗೆ ಹತ್ತಿರದ ಉಳಿತಾಯ. ಸವೆಯುವ ತಂತಿ, ಪಿನ್ ಯಾವುದೂ ಇಲ್ಲ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ತಾಗಿದ ದಿನ ಕಥೆ ಬೇರೆ. ಮಾಮೂಲಿ ಕೀಲಿನ ದೋಣಿ ಕೆಸರಿಗೆ ಕೂತರೆ ಬಿಡಿಸಲು ಹಳೇ ಉಪಾಯ ಒಂದಿದೆ. ಎಲ್ಲರೂ ಒಂದೇ ಪಕ್ಕಕ್ಕೆ ಹೋಗಿ ಅಂಚಿನಲ್ಲಿ ಕೂರುವುದು, ಹಾಯಿಯ ಕೆಳ ಅಂಚನ್ನು ಹಿಡಿಯುವ ಅಡ್ಡಕಂಬವನ್ನು, ಅಂದರೆ ಬೂಮನ್ನು, ಹೊರಗೆ ಚಾಚಿ ಅದರ ಮೇಲೆ ಒಬ್ಬರು ಜೋತುಬೀಳುವುದು. ದೋಣಿ ವಾಲಿದಷ್ಟೂ ಕೀಲಿನ ತುದಿ ಮೇಲೇಳುತ್ತದೆ. 5 ಅಡಿ ಡ್ರಾಫ್ಟಿನ ದೋಣಿ 20 ಡಿಗ್ರಿ ವಾಲಿದರೆ ಹೆಚ್ಚುಕಡಿಮೆ ಮೂರೂವರೆ ಇಂಚು ಸಿಗುತ್ತದೆ. ಕೆಸರಿನಿಂದ ಬಿಡಿಸಿಕೊಳ್ಳಲು ಎಷ್ಟೋ ಸಲ ಅಷ್ಟು ಸಾಕು. ರೆಕ್ಕೆಯ ಕೀಲಿಗೆ ಈ ಉಪಾಯ ನಡೆಯುವುದಿಲ್ಲ. ವಾಲಿಸಿದರೆ ಒಂದು ರೆಕ್ಕೆ ಇನ್ನೂ ಕೆಳಗೆ ಹೋಗಿ ಕೆಸರಿಗೆ ನಾಟಿಕೊಳ್ಳುತ್ತದೆ. ಲಂಗರಿನ ಆಕಾರವನ್ನೇ ದೋಣಿಯ ಕೆಳಗೆ ಕಟ್ಟಿಕೊಂಡಂತೆ ಆಯಿತು. ಬಂದ ದಾರಿಯಲ್ಲೇ ನೇರ ಹಿಂದಕ್ಕೆ ಎಳೆಸಿಕೊಳ್ಳಬೇಕು. ಚೆಸಪೀಕ್‌ನ ಕೆಸರಿಗೆ ರೆಕ್ಕೆಯ ಕೀಲನ್ನು ನಾನು ಮೊದಲ ಆಯ್ಕೆ ಮಾಡುವುದಿಲ್ಲ. ಅದೇ ಬೆಲೆಗೆ, ರೆಕ್ಕೆ ಇಲ್ಲದೆ ತುದಿಯಲ್ಲಿ ಸೀಸದ ಗಡ್ಡೆ ಇರುವ ಮೋಟು ಕೀಲ್ ಸಿಕ್ಕರೆ ಅದನ್ನೇ ತಗೊಳ್ಳಿ ಅನ್ನುತ್ತೇನೆ.

ಉದ್ದ ಕೀಲಿನ ದೋಣಿಗಳ ಬಗ್ಗೆ ರೇಸ್ ಆಡುವವರು ನಗುತ್ತಾರೆ. ನಗಲಿ. ಐಲ್ಯಾಂಡ್ ಪ್ಯಾಕೆಟ್ 31ರಂಥ ದೋಣಿ ನೋಡಿ. ಡ್ರಾಫ್ಟ್ ಸುಮಾರು 4 ಅಡಿ, ಕೀಲ್ ಉದ್ದಕ್ಕೆ ಹಬ್ಬಿದೆ, ಪ್ರೊಪೆಲ್ಲರ್ ಅದರ ಮರೆಯಲ್ಲಿದೆ, ಚುಕ್ಕಾಣಿಗೂ ರಕ್ಷಣೆ ಇದೆ. ಎದುರು ಗಾಳಿಗೆ ನಿಧಾನ, ಹಿಂದಕ್ಕೆ ಓಡಿಸಿ ಮರೀನಾದಲ್ಲಿ ನಿಲ್ಲಿಸುವುದು ತಲೆನೋವು. ಆದರೆ ನೆಲಕ್ಕೆ ತಾಗಿದರೆ ಸುಮ್ಮನೆ ಕೂರುತ್ತದೆ. ಇಲ್ಲಿನ ನೀರಿನಲ್ಲಿ ಏಡಿ ಬೋನುಗಳ ತೇಲುಗುಂಡು ಎಲ್ಲೆಲ್ಲೂ ಇರುತ್ತವಲ್ಲ, ಅವುಗಳ ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುವ ಸಾಧ್ಯತೆಯೂ ಕಡಿಮೆ.

ಚುಕ್ಕಾಣಿಯ ಮಾತು ಬಂತು, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡ್ರಾಫ್ಟ್ ಕಡಿಮೆ ಅಂತ ಕೀಲನ್ನಷ್ಟೇ ನೋಡಿ ಕೊಂಡುಬಿಡುತ್ತಾರೆ. ಎಷ್ಟೋ ಮೋಟು ಕೀಲಿನ ದೋಣಿಗಳಲ್ಲಿ ಚುಕ್ಕಾಣಿಯೂ ಹೆಚ್ಚುಕಡಿಮೆ ಅಷ್ಟೇ ಆಳಕ್ಕೆ ಇಳಿದಿರುತ್ತದೆ. ಕೀಲ್ ಕೆಸರಿಗೆ ತಾಗಿದ ಕೂಡಲೇ ಗಾಬರಿಯಲ್ಲಿ ಇಂಜಿನನ್ನು ಹಿಂದಕ್ಕೆ ಕೊಟ್ಟರೆ ಚುಕ್ಕಾಣಿ ನೆಲಕ್ಕೆ ಗುದ್ದುತ್ತದೆ. ಹಿಂದೆ ಆಸರೆ ಇಲ್ಲದೆ ಒಂದೇ ಕಂಬಿಯ ಮೇಲೆ ನೇತಾಡುವ ಚುಕ್ಕಾಣಿಯಾದರೆ ಆ ಕಂಬಿ ಬಾಗುತ್ತದೆ. ಕೀಲ್ ತಾಗಿದರೆ ಮುಜುಗರ, ಚುಕ್ಕಾಣಿ ಬಾಗಿದರೆ ದೊಡ್ಡ ಖರ್ಚು. ಇನ್ನೊಂದು, ಕೆಸರಿನಲ್ಲಿ ಕೂತು ಇಂಜಿನ್ ಗುರ್ ಅನ್ನಿಸಿದರೆ ತಂಪು ಮಾಡುವ ನೀರಿನ ಜೊತೆ ಕೆಸರೂ ಒಳಗೆ ಹೋಗುತ್ತದೆ. ಜಾಲರಿ ಕಟ್ಟಿ, ನೀರೆಳೆಯುವ ಪಂಪಿನೊಳಗಿನ ಚಕ್ರವಾದ ಇಂಪೆಲ್ಲರ್ ಸುಟ್ಟು, ಸಣ್ಣ ತೊಂದರೆ ದೊಡ್ಡದಾಗುತ್ತದೆ. ತಾಗಿದಾಗ ಮೊದಲು ಇಂಜಿನ್ ನ್ಯೂಟ್ರಲ್‌ಗೆ, ಆಮೇಲೆ ಯೋಚನೆ.

ಎರಡು ಕೀಲಿನ ಬ್ರಿಟಿಷ್ ದೋಣಿಗಳನ್ನು ಬೇಗ ಮುಗಿಸುತ್ತೇನೆ. ವೆಸ್ಟರ್ಲಿ ಸೆಂಟಾರ್ 26 ಅಡಿಯದು, ಡ್ರಾಫ್ಟ್ ಸುಮಾರು 3 ಅಡಿ. ಇಂಗ್ಲೆಂಡಿನ ಬಂದರುಗಳಲ್ಲಿ ಇಳಿತದಲ್ಲಿ ನೀರೇ ಇರುವುದಿಲ್ಲ, ದೋಣಿ ಎರಡು ಕಾಲಿನ ಮೇಲೆ ನೆಟ್ಟಗೆ ನಿಲ್ಲಬೇಕು. ಆ ಊರಿಗೆ ಅದು ಸರಿ. ಒಂದಡಿ ಉಬ್ಬರದ ನಮ್ಮ ಕೊಲ್ಲಿಯಲ್ಲಿ ಅದರ ಉಪಯೋಗ ಅಷ್ಟಕ್ಕಷ್ಟೇ.

ಎರಡು ಒಡಲಿನ ದೋಣಿ, ಅಂದರೆ ಕ್ಯಾಟಮರಾನ್ ಬೇಡವಾ ಅಂತ ಹಿಂದಿನ ಸಾಲಿನಿಂದ ಕೇಳಿದರು. ಬೇಡ ಅನ್ನಲು ನನಗೇನೂ ಜಗಳ ಇಲ್ಲ. ಇಲ್ಲೇ ಅನಾಪೊಲಿಸ್ ಹತ್ತಿರ ಕಟ್ಟಿದ ಜೆಮಿನಿ ಕ್ಯಾಟಮರಾನ್‌ಗಳಿವೆ. 105 ಮಾದರಿಯಲ್ಲಿ ಹಲಗೆ ಎತ್ತಿದರೆ ಡ್ರಾಫ್ಟ್ ಒಂದೂವರೆ ಅಡಿ. ಅಗಲ 14 ಅಡಿ ಆದ್ದರಿಂದ ಮಾಮೂಲಿ ದೋಣಿ ಕಟ್ಟುವ ಜಾಗದಲ್ಲೇ ಎಷ್ಟೋ ಕಡೆ ಹಿಡಿಸುತ್ತದೆ. ಹೊಸ ಕ್ಯಾಟಮರಾನ್‌ಗಳಲ್ಲಿ ಹೆಚ್ಚಿನವು ಅಗಲದಲ್ಲಿ 20 ಅಡಿ ದಾಟುತ್ತವೆ, ಕಟ್ಟಲು ಜಾಗ ಹುಡುಕಬೇಕು, ಬಾಡಿಗೆ ಜಾಸ್ತಿ, ಎತ್ತುವ ಕ್ರೇನ್ ಎಲ್ಲ ಕಡೆ ಇರುವುದಿಲ್ಲ. ವಾಲದ ದೋಣಿ ಬೇಕು ಅಂತ ಮನೆಯವರು ಹಟ ಹಿಡಿದಿದ್ದರೆ ಜೆಮಿನಿ ನೋಡಿ. ಸಾಮಾನು ತುಂಬಿದರೆ ಮಾತ್ರ ಇದು ಬೇಗ ಸೊರಗುತ್ತದೆ.

ಸಾಮಾನಿನ ವಿಷಯ ಎಲ್ಲ ದೋಣಿಗೂ ಅನ್ವಯಿಸುತ್ತದೆ. ಜಾಹೀರಾತಿನ ಡ್ರಾಫ್ಟ್ ಸಾಮಾನ್ಯವಾಗಿ ಖಾಲಿಗೆ ಹತ್ತಿರವಾದ ದೋಣಿಯದು. ನೀರಿನ ಟ್ಯಾಂಕ್, ಡೀಸೆಲ್, ಸರಪಳಿ, ಬ್ಯಾಟರಿ, ಅಕ್ಕಿ ಮೂಟೆ, ಪ್ರೆಷರ್ ಕುಕ್ಕರ್ ಎಲ್ಲ ಸೇರಿದರೆ 35 ಅಡಿಯ ದೋಣಿ ಎರಡು ಮೂರು ಇಂಚು ಇಳಿಯುವುದು ಮಾಮೂಲು.

ನಿವೃತ್ತಿಯ ನಂತರ ದಕ್ಷಿಣಕ್ಕೆ ಹೋಗುತ್ತೇವೆ ಅನ್ನುವವರಿಗೆ ಎರಡು ಮಾತು. ನಾರ್ಫೋಕ್‌ನಿಂದ ಫ್ಲಾರಿಡಾದವರೆಗೆ ಒಳನಾಡಿನ ಜಲಮಾರ್ಗ ಇದೆ. ಫೋರ್ಟ್ ಪಿಯರ್ಸ್‌ವರೆಗೆ 12 ಅಡಿ ಆಳ ಇಡಬೇಕು ಅಂತ ಯೋಜನೆಯಲ್ಲಿದೆ. ಹೂಳು ಯೋಜನೆ ಓದುವುದಿಲ್ಲವಲ್ಲ. ಜಾರ್ಜಿಯಾದ ಹೆಲ್ ಗೇಟ್‌ನಂಥ ಜಾಗಗಳಲ್ಲಿ ಇಳಿತದ ಹೊತ್ತಿಗೆ ಹೋಗಲು 5 ಅಡಿ ಡ್ರಾಫ್ಟಿನ ದೋಣಿಯವರೂ ಹೆದರುತ್ತಾರೆ. ಆ ದಾರಿಗೆ ಹಾಯಿಕಂಬದ ಎತ್ತರವನ್ನೂ ನೋಡಬೇಕು. ಎತ್ತದ ಸೇತುವೆಗಳ ಕೆಳಗೆ ಸಾಮಾನ್ಯವಾಗಿ 65 ಅಡಿ, ಮಯಾಮಿಯ ಒಂದು ಸೇತುವೆಯ ಕೆಳಗೆ 56 ಅಡಿ ಮಾತ್ರ.

ಫ್ಲಾರಿಡಾ ಕೀಸ್, ಬಹಾಮಾಸ್ ತಲುಪಿದ ಮೇಲೆ ನೀರೂ ಬೇರೆ, ನೆಲವೂ ಬೇರೆ. ಅಲ್ಲಿ ನೀರು ತಿಳಿ, ಬಣ್ಣ ನೋಡಿ ಆಳ ಹೇಳಬಹುದು. ನೀಲಿ ಆಳ, ಕಂದು ಅಪಾಯ. ಚೆಸಪೀಕ್‌ನ ಕಲಕು ನೀರಿನಲ್ಲಿ ಈ ವಿದ್ಯೆ ನಡೆಯುವುದಿಲ್ಲ, ಎಲ್ಲ ಒಂದೇ ಬಣ್ಣ. ಆದರೆ ನಮ್ಮ ತಳ ಹೆಚ್ಚಾಗಿ ಕೆಸರು, ಮರಳು. ಅಲ್ಲಿ ಹವಳದ ಕಲ್ಲು. ಕೀಸ್‌ನಲ್ಲಿ ಕಡಲ ಹುಲ್ಲನ್ನು ಕಿತ್ತುಹಾಕಿದರೆ ದಂಡವೂ ಇದೆ. ಅಷ್ಟು ದೂರದ ಆಸೆ ಇದ್ದವರು ಡ್ರಾಫ್ಟಿನಲ್ಲಿ 5 ಅಡಿ ದಾಟಬೇಡಿ. ಕೊಲ್ಲಿಯಲ್ಲೇ ಇರುತ್ತೇವೆ ಅನ್ನುವವರಿಗೆ 4ರಿಂದ ನಾಲ್ಕೂವರೆ. 3 ಅಡಿಗಿಂತ ಕಡಿಮೆ ಬೇಕಾಗುವುದು ಜೌಗು ಹುಲ್ಲಿನೊಳಗೆ ಮೂಗು ತೂರಿಸುವ ಹುಚ್ಚು ಇರುವವರಿಗೆ. ಅಂಥವರು ಹಲಗೆಯ ದೋಣಿ ತಗೊಳ್ಳಿ.

ಕುಂದಾಪುರದ ಕಡೆಯವರೊಬ್ಬರು ಕೇಳಿದರು, ನಮ್ಮ ಊರಲ್ಲಿ ಇಂಥ ದೋಣಿ ಇಟ್ಟರೆ ಹೇಗೆ ಅಂತ. ಗಂಗೊಳ್ಳಿ ಅಳಿವೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅಲ್ಲಿ ಒಳಗಿನ ನೀರು ಕಡಿಮೆ ಅನ್ನುವುದೊಂದೇ ಸಮಸ್ಯೆಯಲ್ಲ. ತೆರೆದ ಅರಬ್ಬಿ ಸಮುದ್ರದ ಅಲೆ ಅಳಿವೆಯ ಮರಳ ದಿಬ್ಬದ ಮೇಲೆ ಒಡೆಯುತ್ತದೆ. ಅಲೆ ಎತ್ತಿ ಕೆಳಗೆ ಬಿಟ್ಟಾಗ ಮೂರಡಿ ಡ್ರಾಫ್ಟಿನ ದೋಣಿಗೂ ಏಳೆಂಟು ಅಡಿ ನೀರು ಬೇಕು. ಮಂಗಳೂರಿನ ಹಳೇ ಬಂದರಿಗೆ ಸರಕು ಸಾಗಿಸುವ ಮರದ ಮಂಜಿಗಳು ಬರುತ್ತವೆ, ದೊಡ್ಡ ಹಡಗುಗಳಿಗೆ ಪಣಂಬೂರಿನಲ್ಲಿ ಬೇರೆ ಬಂದರನ್ನೇ ಕಟ್ಟಬೇಕಾಯಿತು. ಅಳಿವೆ ದಾಟುವುದು ಡ್ರಾಫ್ಟಿನ ಲೆಕ್ಕಕ್ಕಿಂತ ಹೊತ್ತು ನೋಡುವ ಕಸುಬು. ಅದನ್ನು ಅಲ್ಲಿ ಮೀನುದೋಣಿ ನಡೆಸುವ ತಂಡೇಲರ ಹತ್ತಿರ ಕಲಿಯಬೇಕು, ನನ್ನ ಹತ್ತಿರ ಅಲ್ಲ.

ಇನ್ನು ನೋಡಲು ಹೋಗುವುದು. ಅಕ್ಟೋಬರ್‌ನಲ್ಲಿ ಅನಾಪೊಲಿಸ್ ಬೋಟ್ ಶೋಗೆ ಹೋಗಿ ಬನ್ನಿ, ಹೊಸ ದೋಣಿಗಳ ಒಳಗೆಲ್ಲ ಓಡಾಡಿ. ಆದರೆ ಅಲ್ಲಿ ಅವು ನೀರಿನಲ್ಲಿರುತ್ತವೆ, ನಮಗೆ ಬೇಕಾದ ಭಾಗ ಕಾಣುವುದಿಲ್ಲ. ಹಳೇ ದೋಣಿ ಕೊಳ್ಳುವವರು ಅದನ್ನು ನೀರಿನಿಂದ ಎತ್ತಿಸಿಯೇ ನೋಡಿ. ಕೀಲಿನ ಮುಂತುದಿ ದೋಣಿಗೆ ಸೇರುವ ಕಡೆ ನಗುವ ಬಾಯಿಯ ಆಕಾರದ ಬಿರುಕು ಇದೆಯಾ? ಹಿಂತುದಿಯ ಮೇಲೆ, ದೋಣಿಯ ಒಳಗಿನಿಂದ, ಬಿರುಕು ಅಥವಾ ಹೊಸ ಬಣ್ಣದ ತೇಪೆ ಇದೆಯಾ? ಜೋರಾಗಿ ತಾಗಿದಾಗ ಪೆಟ್ಟು ಬೀಳುವುದು ಅಲ್ಲಿ. ಸೀಸದ ಕೀಲಾದರೆ ತಗ್ಗು ಬಿದ್ದಿರುತ್ತದೆ, ಅದು ಅಷ್ಟು ಗಂಭೀರ ಅಲ್ಲ, ಪೆಟ್ಟನ್ನು ಸೀಸವೇ ನುಂಗಿರುತ್ತದೆ. ಸೆಂಟರ್‌ಬೋರ್ಡ್ ಇದ್ದರೆ ನಿಮ್ಮ ಕಣ್ಣೆದುರು ಪೂರ್ತಿ ಇಳಿಸಿ ಎತ್ತಿಸಿ. "ಮೊನ್ನೆವರೆಗೂ ಚೆನ್ನಾಗಿತ್ತು" ಅಂದರೆ ಬೆಲೆ ಇಳಿಸಲು ಹೇಳಿ. ಚುಕ್ಕಾಣಿಯನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ದೋಣಿ ಪರೀಕ್ಷಿಸಿ ವರದಿ ಕೊಡುವ ಸರ್ವೇಯರ್‌ಗೆ ಕೊಡುವ ದುಡ್ಡು ಉಳಿಸಲು ಹೋಗಬೇಡಿ.

ಎಳೆಯುವ ದೋಣಿಯವರ ವಾರ್ಷಿಕ ಸದಸ್ಯತ್ವ ಮಾಡಿಸಿಕೊಳ್ಳಿ. ಪ್ರಾಣಕ್ಕೆ ಅಪಾಯ ಇಲ್ಲದೆ ಬರೀ ಕೆಸರಲ್ಲಿ ಕೂತಿದ್ದರೆ ಕೋಸ್ಟ್ ಗಾರ್ಡ್ ಸಾಮಾನ್ಯವಾಗಿ ಬಂದು ಎಳೆಯುವುದಿಲ್ಲ, ಖಾಸಗಿಯವರನ್ನೇ ಕರೆಯಬೇಕು. ಸಹಿ ಹಾಕುವ ಮೊದಲು, ಮೆತ್ತಗೆ ಕೂತ ದೋಣಿಯನ್ನು ಎಳೆಯುವುದಕ್ಕೂ, ಅಪಾಯದಲ್ಲಿರುವ ದೋಣಿಯನ್ನು ಉಳಿಸುವ ಸಾಲ್ವೇಜ್‌ಗೂ ಅವರು ಎಲ್ಲಿ ಗೆರೆ ಎಳೆಯುತ್ತಾರೆ ಅಂತ ಓದಿ. ಬಿಲ್ಲಿನಲ್ಲಿ ಅಜಗಜಾಂತರ.

ದೋಣಿ ನಿಮ್ಮದಾದ ಮೇಲೆ ಮೊದಲು ಆಳ ತೋರಿಸುವ ಯಂತ್ರವನ್ನು ಪರೀಕ್ಷಿಸಿ. ಅದು 3 ಅಡಿ ಅಂತ ತೋರಿಸಿದರೆ ಯಾವುದರಿಂದ 3 ಅಡಿ? ನೀರಿನ ಮಟ್ಟದಿಂದಲೋ, ಸೆನ್ಸರ್ ಕೂರಿಸಿದ ಜಾಗದಿಂದಲೋ, ಕೀಲಿನ ತುದಿಯಿಂದಲೋ? ಹಿಂದಿನ ಮಾಲೀಕರು ಯಾವ ಲೆಕ್ಕ ಇಟ್ಟಿದ್ದರೋ ಅದೇ ಇರುತ್ತದೆ. ಹಗ್ಗಕ್ಕೆ ಒಂದು ತೂಕ ಕಟ್ಟಿ, ಮರೀನಾದಲ್ಲೇ ಪಕ್ಕದಲ್ಲಿ ಇಳಿಸಿ ಅಳೆದು, ಯಂತ್ರದ ಅಂಕಿಗೆ ಹೋಲಿಸಿ. ಆಮೇಲೆ ಮನೆಯವರೆಲ್ಲರಿಗೂ ಅರ್ಥವಾಗುವ ಹಾಗೆ ಒಂದು ಚೀಟಿ ಬರೆದು ಯಂತ್ರದ ಪಕ್ಕ ಅಂಟಿಸಿ. ಚುಕ್ಕಾಣಿ ಹಿಡಿದವರು ಯಾವಾಗಲೂ ನೀವೇ ಆಗಿರುವುದಿಲ್ಲವಲ್ಲ.